ತೊಗಲಿನ ಕಂಪನಿಯೂ ಅಡಿಕೆಯ ಸಂಘವೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸುತ್ತಮುತ್ತಲ ಕೃಷಿಕರ ಮನೆಗಳಲ್ಲಿ ಮಕ್ಕಳ ಕಾಲೇಜು ಶುಲ್ಕ ಕಟ್ಟುವ ಸಮಯ ಬಂತೆಂದರೆ ಮೊದಲು ವಿಚಾರಿಸುವುದು ಅಡಿಕೆಯ ಧಾರಣೆಯನ್ನು. ಹೊಸ ಚಾಲಿಗೆ ಎಷ್ಟು, ಹಳೆ ಚಾಲಿಗೆ ಎಷ್ಟು, ಪಟೋರಕ್ಕೆ ಎಷ್ಟು? ಧಾರಣೆ ಏರುವಂತೆ ಕಂಡರೆ ಗೋಣಿ ಇನ್ನೂ ಸ್ವಲ್ಪ ದಿನ ಅಟ್ಟದಲ್ಲೇ ಇರುತ್ತದೆ. ಇಳಿಯುವಂತೆ ಕಂಡರೆ ಮರುದಿನವೇ ಪೇಟೆ ಸೇರುತ್ತದೆ. ಅಂಗಳದಲ್ಲಿ ಒಣಗುವ ಅಡಿಕೆಗೂ ಹಾಸ್ಟೆಲಿನ ಊಟದ ಬಿಲ್ಲಿಗೂ ಇರುವ ಈ ನಂಟು ಇಲ್ಲಿಯ ವಿದ್ಯಾರ್ಥಿಗಳಿಗೆ ಹೊಸತೇನಲ್ಲ.

ಆದರೆ ಈ ಧಾರಣೆಯನ್ನು ನಿಶ್ಚಯಿಸುವವರು ಯಾರು? ಬೆಳೆಯುವುದು ಇಲ್ಲಿ, ತಿನ್ನುವುದು ಬಹುಮಟ್ಟಿಗೆ ದೂರದ ಉತ್ತರ ಭಾರತದಲ್ಲಿ. ಬೆಳೆದವನಿಗೆ ತಿನ್ನುವವನ ಮುಖ ಗೊತ್ತಿಲ್ಲ, ತಿನ್ನುವವನಿಗೆ ತೋಟದ ದಾರಿ ಗೊತ್ತಿಲ್ಲ. ನಡುವೆ ನಿಂತವನೇ ವ್ಯಾಪಾರಿ. ಅವನ ಕೈಯಲ್ಲಿ ತಕ್ಕಡಿಯೂ ಇರುತ್ತದೆ, ಸುದ್ದಿಯೂ ಇರುತ್ತದೆ. ತಿನ್ನುವವರ ರುಚಿ ಬದಲಾದ ದಿನ ಮೂವರಲ್ಲಿ ಯಾರು ಉಳಿಯುತ್ತಾರೆ, ಯಾರು ಮುಳುಗುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಒಂದು ದೊಡ್ಡ ಕಂಪನಿಯ ಕಥೆಯನ್ನೂ ಒಂದು ಚಿಕ್ಕ ಸಂಘದ ಕಥೆಯನ್ನೂ ಜೊತೆಗಿಟ್ಟು ನೋಡಬಹುದು.

ಕಟ್ಟ ಕಟ್ಟುವ ಪ್ರಾಣಿ

ದೊಡ್ಡದರ ಹೆಸರು ಹಡ್ಸನ್ಸ್ ಬೇ ಕಂಪನಿ. ಕೆನಡಾಕ್ಕೆ ಓದಲು ಹೋದ ನಮ್ಮ ಹುಡುಗ ಹುಡುಗಿಯರು ಅಲ್ಲಿಯ ನಗರಗಳ ನಡುಮಧ್ಯೆ 'ದ ಬೇ' ಎಂದು ಜನ ಕರೆಯುತ್ತಿದ್ದ ಬಹುಮಹಡಿ ಅಂಗಡಿಗಳನ್ನು ಕಂಡಿರಬಹುದು. ಬಟ್ಟೆ, ಪಾತ್ರೆ, ಸುಗಂಧದ್ರವ್ಯ, ಹಾಸಿಗೆ ಹೊದಿಕೆ, ಎಲ್ಲವೂ ಒಂದೇ ಸೂರಿನಡಿ. 2025ರ ಜೂನ್ 1ರಂದು ಆ ಅಂಗಡಿಗಳ ಬಾಗಿಲು ಕೊನೆಯ ಬಾರಿ ಮುಚ್ಚಿತು. ಆಗ ಕಂಪನಿಗೆ 355 ವರ್ಷ. ನಮ್ಮನ್ನು ಆಳಿದ ಈಸ್ಟ್ ಇಂಡಿಯಾ ಕಂಪನಿ 1600ರಲ್ಲಿ ಹುಟ್ಟಿ 1874ರಲ್ಲಿ ವಿಸರ್ಜನೆಯಾಯಿತು. ಅದರ ತಂಗಿಯಂತಿದ್ದ ಈ ಕಂಪನಿ ಅದು ವಿಸರ್ಜನೆಯಾದ ಮೇಲೂ ಒಂದೂವರೆ ಶತಮಾನ ಬಾಳಿತು.

ಅದು ಹುಟ್ಟಿದ್ದು ಒಂದು ಪ್ರಾಣಿಯ ತೊಗಲಿನಿಂದ. ಬೀವರ್ ಎಂಬ ಆ ಪ್ರಾಣಿ ಉತ್ತರ ಅಮೆರಿಕದ ತೊರೆಗಳಲ್ಲಿ ವಾಸಿಸುತ್ತದೆ. ಮುಂಬಲ್ಲಿನಿಂದ ಮರ ಕಡಿದು, ಕೊಂಬೆ ರೆಂಬೆ ಜೋಡಿಸಿ, ಕೆಸರು ಮೆತ್ತಿ ನೀರಿಗೆ ಅಡ್ಡಗಟ್ಟೆ ಹಾಕುತ್ತದೆ. ಮಳೆಗಾಲ ಕಳೆದ ಮೇಲೆ ನಮ್ಮ ಕೃಷಿಕರು ತೋಡಿಗೆ ಕಟ್ಟ ಕಟ್ಟಿ ತೋಟಕ್ಕೆ ನೀರು ನಿಲ್ಲಿಸುವುದಿಲ್ಲವೇ, ಹೆಚ್ಚು ಕಡಿಮೆ ಹಾಗೆಯೇ. ಚಳಿನೀರಿನಲ್ಲಿ ಬದುಕುವ ಈ ಪ್ರಾಣಿಗೆ ಎರಡು ಪದರದ ಕೂದಲು. ಹೊರಗಿನದು ಒರಟು, ಒಳಗಿನದು ಮೃದು. ಒಳಗೂದಲಿನ ಎಳೆಗಳಲ್ಲಿ ಕಣ್ಣಿಗೆ ಕಾಣದ ಮುಳ್ಳುಗಳಂಥ ರಚನೆ ಇರುವುದರಿಂದ, ಒದ್ದೆ ಮಾಡಿ ಒತ್ತಿದರೆ ಅವು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಬಟ್ಟೆಯಾಗುತ್ತವೆ. ಮಳೆಗೆ ನೆನೆಯದ, ಆಕಾರ ಕೆಡದ ಟೋಪಿಗೆ ಇದಕ್ಕಿಂತ ಒಳ್ಳೆಯ ವಸ್ತು ಆಗ ಇರಲಿಲ್ಲ. ಯೂರೋಪಿನ ಗಂಡಸರಿಗೆ ಟೋಪಿ ಅಂತಸ್ತಿನ ಗುರುತು. ಅಲ್ಲಿಯ ಬೀವರ್ ಸಂತತಿ ಬೇಟೆಯಿಂದ ಬಹುತೇಕ ಬರಿದಾದಾಗ ವ್ಯಾಪಾರಿಗಳ ಕಣ್ಣು ಸಾಗರದ ಆಚೆಗೆ ಹೊರಳಿತು.

ರಾಡಿಸನ್ ಮತ್ತು ಗ್ರೊಸೆಯೆ ಎಂಬ ಇಬ್ಬರು ಫ್ರೆಂಚರು ಆ ತೊಗಲನ್ನು ಹಡ್ಸನ್ ಕೊಲ್ಲಿಯ ಮೂಲಕ ನೇರವಾಗಿ ತರಬಹುದೆಂದು ಸೂಚಿಸಿದರು. ಫ್ರೆಂಚರು ಅವರ ಮಾತನ್ನು ಕೇಳಲಿಲ್ಲ, ಇಂಗ್ಲಿಷರು ಕೇಳಿದರು. 1668ರಲ್ಲಿ ಹೊರಟ 'ನಾನ್‌ಸಚ್' ಎಂಬ ಪುಟ್ಟ ಹಡಗು ಹಿಮದಲ್ಲೇ ಚಳಿಗಾಲ ಕಳೆದು ಮರುವರ್ಷ ತೊಗಲು ಹೊತ್ತು ಲಂಡನ್ನಿಗೆ ಮರಳಿತು. 1670ರ ಮೇ 2ರಂದು ದೊರೆ ಎರಡನೆಯ ಚಾರ್ಲ್ಸ್ ಸನ್ನದು ಬರೆದುಕೊಟ್ಟ. ದೊರೆಯ ಬಂಧು ರಾಜಕುಮಾರ ರೂಪರ್ಟ್ ಮೊದಲ ಗವರ್ನರ್. ಹಡ್ಸನ್ ಕೊಲ್ಲಿಗೆ ಹರಿದು ಸೇರುವ ಎಲ್ಲ ನದಿಗಳ ನೆಲದಲ್ಲಿ ವ್ಯಾಪಾರದ ಏಕಸ್ವಾಮ್ಯ ಈ ಕಂಪನಿಗೆ. ಆ ನೆಲದ ವಿಸ್ತಾರ ಸುಮಾರು 39 ಲಕ್ಷ ಚದರ ಕಿಲೋಮೀಟರ್, ಅಂದರೆ ಇಡೀ ಭಾರತಕ್ಕಿಂತ ದೊಡ್ಡದು. ಕೊಟ್ಟ ದೊರೆ ಆ ನೆಲವನ್ನು ಕಂಡವನಲ್ಲ. ಅಲ್ಲಿ ತಲೆತಲಾಂತರದಿಂದ ಬಾಳುತ್ತಿದ್ದ ಕ್ರೀ ಮುಂತಾದ ಜನರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ನದಿಯ ಬಾಯಲ್ಲಿ ಅಂಗಡಿ

ಕಂಪನಿಯ ವ್ಯಾಪಾರಕ್ರಮ ಬಂಟ್ವಾಳದವರಿಗೆ ಅರ್ಥವಾಗದ್ದಲ್ಲ. ನೇತ್ರಾವತಿಯ ದಡದ ಈ ಪೇಟೆ ಬೆಳೆದದ್ದೇ ಘಟ್ಟದ ಸರಕು ನದಿಯನ್ನು ಸೇರುವ ಜಾಗವೆಂಬ ಕಾರಣಕ್ಕೆ. ಮೇಲಿನಿಂದ ಎತ್ತುಗಳ ಮೇಲೆ, ಗಾಡಿಗಳಲ್ಲಿ ಇಳಿದುಬಂದ ಮಾಲು ಇಲ್ಲಿ ದೋಣಿ ಹತ್ತಿ ಮಂಗಳೂರಿಗೆ ಹೋಗುತ್ತಿತ್ತು. ಉಪ್ಪು, ಬಟ್ಟೆಗಳಂಥ ಸರಕು ಅದೇ ದಾರಿಯಲ್ಲಿ ಮೇಲಕ್ಕೆ ಹೋಗುತ್ತಿತ್ತು. 1923ರ ಮತ್ತು 1974ರ ಮಹಾನೆರೆಗಳನ್ನು ಕಂಡ ಪೇಟೆಯಿದು. ನದಿಯೇ ಅದಕ್ಕೆ ಅನ್ನವನ್ನೂ ಕೊಟ್ಟಿತು, ಭಯವನ್ನೂ ಕೊಟ್ಟಿತು. ಬೆಳ್ತಂಗಡಿಯ ಚಾರ್ಮಾಡಿ ಘಾಟಿ ಇಂಥ ಇಳಿದಾರಿಗಳಲ್ಲಿ ಒಂದು. ಇನ್ನು ಮೂಡುಬಿದಿರೆಯಲ್ಲಿ 1430ರಲ್ಲಿ ಎದ್ದುನಿಂತ ಸಾವಿರ ಕಂಬದ ಬಸದಿಯ ಹಿಂದೆ ಜೈನ ಸೆಟ್ಟಿಗಳ ವ್ಯಾಪಾರದ ಸಂಪತ್ತಿದೆ. ಆ ಬಸದಿಯ ಶಿಲ್ಪಗಳಲ್ಲಿ ಆಫ್ರಿಕದ ಜಿರಾಫೆಯೂ ಚೀನದ ಡ್ರ್ಯಾಗನ್ನೂ ಕಾಣಿಸಿಕೊಂಡಿರುವುದು ಈ ಊರಿನ ಮೆಣಸು ಕಡಲಾಚೆಯವರ ಸಂಪರ್ಕ ತಂದಿದ್ದಕ್ಕೆ ಸಾಕ್ಷಿಯೆಂದು ಹೇಳುವುದುಂಟು.

ಹಡ್ಸನ್ಸ್ ಬೇ ಕಂಪನಿಯೂ ಹೀಗೆಯೇ ನದಿಗಳು ಕೊಲ್ಲಿ ಸೇರುವಲ್ಲಿ ಕೋಟೆಯಂಥ ಮಳಿಗೆ ಕಟ್ಟಿ ಕುಳಿತಿತು. ಒಳನಾಡಿನ ಬೇಟೆಗಾರರು ಬೇಸಗೆಯಲ್ಲಿ ದೋಣಿಗಳಲ್ಲಿ ತೊಗಲು ತರುತ್ತಿದ್ದರು. ಹಣದ ಚಲಾವಣೆ ಇರಲಿಲ್ಲ. ಚಳಿಗಾಲದಲ್ಲಿ ಹಿಡಿದ ಒಂದು ಬೆಳೆದ ಬೀವರಿನ ಒಳ್ಳೆಯ ತೊಗಲೇ ಲೆಕ್ಕದ ಮೂಲಮಾನ. ಅದಕ್ಕೆ 'ಮೇಡ್ ಬೀವರ್' ಎಂದು ಹೆಸರು. ಇಂತಿಷ್ಟು ಮೇಡ್ ಬೀವರಿಗೆ ಒಂದು ಬಂದೂಕು, ಇಂತಿಷ್ಟಕ್ಕೆ ಒಂದು ಕಂಬಳಿ, ಇಂತಿಷ್ಟಕ್ಕೆ ಕೆಟಲು, ಮದ್ದುಗುಂಡು ಎಂದು ಪಟ್ಟಿ ಇತ್ತು. ಉಳಿದ ಪ್ರಾಣಿಗಳ ತೊಗಲಿಗೂ ಅದೇ ಅಳತೆ.

ದರ್ಜೆಗಳೂ ಇದ್ದವು. ಬೇಟೆಗಾರರು ತಾವೇ ಒಂದೆರಡು ಚಳಿಗಾಲ ಮೈಮೇಲೆ ಹೊದ್ದು ಹಳತಾದ ತೊಗಲಿಗೆ ಟೋಪಿ ಮಾಡುವವರಲ್ಲಿ ಹೆಚ್ಚು ಬೇಡಿಕೆ ಇತ್ತು. ಮೈಯ ತಿಕ್ಕಾಟಕ್ಕೆ ಒರಟು ಕೂದಲು ಉದುರಿ ಮೃದುವಾದದ್ದು ಮಾತ್ರ ಉಳಿಯುತ್ತಿದ್ದುದೇ ಕಾರಣ. ಹೊಸ ಚಾಲಿಗಿಂತ ಹಳೆ ಚಾಲಿಗೆ ಹೆಚ್ಚು ಬೆಲೆ ಬರುವುದನ್ನು ಬಲ್ಲವರಿಗೆ ಇದು ಸೋಜಿಗವೆನಿಸಲಾರದು.

ದಡದಲ್ಲೇ ಕುಳಿತು ಕಾಯುವ ವ್ಯಾಪಾರ ಬಹಳ ಕಾಲ ನಡೆಯಲಿಲ್ಲ. ಮಾಂಟ್ರಿಯಾಲಿನ ವರ್ತಕರು ಒಳನಾಡಿಗೇ ನುಗ್ಗಿ ಬೇಟೆಗಾರರ ಬಿಡಾರದಲ್ಲೇ ತೊಗಲು ಕೊಳ್ಳತೊಡಗಿದರು. ಕಂಪನಿಯೂ 1774ರಲ್ಲಿ ಒಳನಾಡಿನ ಕಂಬರ್ಲೆಂಡ್ ಹೌಸಿನಲ್ಲಿ ಮಳಿಗೆ ತೆರೆಯಬೇಕಾಯಿತು. ಮಾಂಟ್ರಿಯಾಲಿನವರ ನಾರ್ತ್ ವೆಸ್ಟ್ ಕಂಪನಿಯೊಡನೆ ಪೈಪೋಟಿ ರಕ್ತಪಾತದವರೆಗೂ ಹೋಗಿ, ಕೊನೆಗೆ 1821ರಲ್ಲಿ ಎರಡೂ ಒಂದಾದವು. ಪೈಪೋಟಿಯ ಭರದಲ್ಲಿ ಎಷ್ಟೋ ಪ್ರದೇಶಗಳ ತೊರೆಗಳು ಬೀವರ್ ಇಲ್ಲದೆ ಬರಿದಾಗಿದ್ದವು.

ಟೋಪಿ ಬದಲಾಯಿತು

ಅಷ್ಟರಲ್ಲಿ ಯಾರೂ ಎಣಿಸದ ಪೆಟ್ಟು ಬಿತ್ತು. ಹತ್ತೊಂಬತ್ತನೆಯ ಶತಮಾನದ ಮೂವತ್ತು-ನಲವತ್ತರ ದಶಕದಲ್ಲಿ ಯೂರೋಪಿನ ಗಂಡಸರು ರೇಷ್ಮೆಯ ಟೋಪಿಗೆ ಮರುಳಾದರು. ರೇಷ್ಮೆ ಹೊಳೆಯುತ್ತಿತ್ತು, ಹಗುರವಾಗಿತ್ತು. ಕೆನಡಾದ ಕಾಡಿನಲ್ಲಿ ಹಿಮದ ಮೇಲೆ ಬಲೆ ಹಾಕುತ್ತಿದ್ದ ಬೇಟೆಗಾರನ ದುಡಿಮೆಯ ಬೆಲೆ ಲಂಡನ್ನಿನ ಯಾವುದೋ ಟೋಪಿ ಅಂಗಡಿಯ ಕನ್ನಡಿಯ ಮುಂದೆ ಕುಸಿಯಿತು. ಅವನು ಮಾಡಿದ ತಪ್ಪೇನೂ ಇರಲಿಲ್ಲ.

ಕಂಪನಿ ಆಗ ಬೇರೆ ತೊಗಲುಗಳತ್ತ ಹೊರಳಿತು, ನಂತರ ನೆಲದತ್ತ. 1870ರಲ್ಲಿ ತನ್ನ ಸನ್ನದಿನ ನೆಲವನ್ನು 3 ಲಕ್ಷ ಪೌಂಡಿಗೆ ಕೆನಡಾ ಸರಕಾರಕ್ಕೆ ಬಿಟ್ಟುಕೊಟ್ಟಿತು. ಆದರೆ ಮಳಿಗೆಗಳ ಸುತ್ತಲಿನ ಜಾಗವನ್ನೂ, ಫಲವತ್ತಾದ ಬಯಲಿನ ಇಪ್ಪತ್ತರಲ್ಲಿ ಒಂದು ಪಾಲನ್ನೂ ಉಳಿಸಿಕೊಂಡಿತು. ಈ ಬಾರಿಯೂ ನೆಲದ ಜನರನ್ನು ಕೇಳಲಿಲ್ಲ. ರೆಡ್ ರಿವರ್ ಕಣಿವೆಯ ಮೇಟಿ ಜನ ಲೂಯಿ ರಿಯೆಲ್‌ನ ಮುಂದಾಳುತನದಲ್ಲಿ ಪ್ರತಿಭಟಿಸಿದರು. ಬಯಲಿಗೆ ರೈತರು ವಲಸೆ ಬಂದರು. ಅವರ ಕೈಯಲ್ಲಿದ್ದದ್ದು ತೊಗಲಲ್ಲ, ನಾಣ್ಯ. ಅವರಿಗೆ ಬೇಕಾದದ್ದು ನೇಗಿಲು, ಒಲೆ, ಬಟ್ಟೆ, ಚಹಾ. ತೊಗಲು ಕೊಳ್ಳುತ್ತಿದ್ದ ಕಟ್ಟೆಯೇ ಸಾಮಾನು ಮಾರುವ ಕಟ್ಟೆಯಾಯಿತು. 1881ರಲ್ಲಿ ವಿನಿಪೆಗ್‌ನಲ್ಲಿ ಅಂಗಡಿ ಬಂತು. 1913ರಲ್ಲಿ ಕ್ಯಾಲ್ಗರಿಯಲ್ಲಿ ಅರಮನೆಯಂಥ ಬಹುಮಹಡಿ ಮಳಿಗೆ ಎದ್ದಿತು. ಒಂದು ಕಾಲದಲ್ಲಿ ತೊಗಲಿಗೆ ಬದಲು ಕೊಡುತ್ತಿದ್ದ ಬಣ್ಣದ ಪಟ್ಟೆಯ ಕಂಬಳಿ ಈಗ ಪೇಟೆಯವರು ಪ್ರೀತಿಯಿಂದ ಕೊಳ್ಳುವ ಹೆಮ್ಮೆಯ ವಸ್ತುವಾಯಿತು. ಹೀಗೆ ಸರಕು ಬದಲಾದರೂ ಕಂಪನಿ ಉಳಿದ ಬಗೆ ಮೆಚ್ಚಬೇಕಾದದ್ದೇ.

ಹಾಗಾದರೆ ಕೊನೆಗೆ ಮುಳುಗಿದ್ದೇಕೆ? ಜನ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಸಾಮಾನು ತರಿಸತೊಡಗಿದ್ದು ಒಂದು ಕಾರಣ. ಇನ್ನೊಂದು ಕಾರಣ ಒಡೆತನದ್ದು. 2006ರಲ್ಲಿ ಕಂಪನಿ ಅಮೆರಿಕದ ಉದ್ಯಮಿಯೊಬ್ಬರ ಕೈಸೇರಿತು, 2008ರಲ್ಲಿ ಅಲ್ಲಿಯದೇ ಒಂದು ಹೂಡಿಕೆ ಸಂಸ್ಥೆಯ ಕೈಗೆ ಹೋಯಿತು. ಅಂಗಡಿಯ ವ್ಯಾಪಾರಕ್ಕಿಂತ ಅಂಗಡಿ ನಿಂತ ನಿವೇಶನಕ್ಕೆ ಹೆಚ್ಚು ಬೆಲೆ ಎಂಬ ಲೆಕ್ಕ ಬಂತು. ಸಾಲ ಬೆಳೆಯಿತು. 2025ರ ಮಾರ್ಚಿನಲ್ಲಿ ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಕಂಪನಿ ಮೂರು ತಿಂಗಳೊಳಗೆ ಬಾಗಿಲು ಹಾಕಿತು. ಎಂಟು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಹೆಸರನ್ನೂ ಆ ಪಟ್ಟೆಗಳ ಹಕ್ಕನ್ನೂ ಕೆನಡಿಯನ್ ಟೈರ್ ಎಂಬ ಇನ್ನೊಂದು ಕಂಪನಿ 3 ಕೋಟಿ ಕೆನಡಾ ಡಾಲರಿಗೆ ಕೊಂಡಿತು.

ಈ 355 ವರ್ಷಗಳ ಲೆಕ್ಕದಲ್ಲಿ ಒಂದು ಸಾಲು ಗಮನಿಸಬೇಕು. ತೊಗಲು ತಂದ ಬೇಟೆಗಾರ ಒಂದು ದಿನವೂ ಈ ಕಂಪನಿಯ ಪಾಲುದಾರನಾಗಲಿಲ್ಲ. ಪಾಲುದಾರರೆಲ್ಲ ಲಂಡನ್ನಿನಲ್ಲಿದ್ದರು. ಟೋಪಿ ಬದಲಾದಾಗ ಕಂಪನಿ ಅಂಗಡಿ ತೆರೆದು ಬದುಕಿತು. ಬೇಟೆಗಾರನಿಗೆ ತೆರೆಯಲು ಅಂಗಡಿ ಇರಲಿಲ್ಲ.

ಅಡ್ಯನಡ್ಕದ ಯೋಚನೆ

ಈಗ ಚಿಕ್ಕ ಕಥೆಗೆ ಬರೋಣ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ನೆಲಕಚ್ಚಿತು. ಬೆಳೆಗಾರರಿಗೆ ಖಾಸಗಿ ವ್ಯಾಪಾರಿಗಳು ಹೇಳಿದ್ದೇ ಬೆಲೆ. ಅಡಿಕೆ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಧಾರಣೆ ಕುಸಿಯಲು ಒಂದು ವಾರ ಸಾಕು. ಭತ್ತದ ಗದ್ದೆಯಾದರೆ ಮುಂದಿನ ವರ್ಷ ಬೇರೆ ಬೆಳೆ ಹಾಕಬಹುದು. ತೋಟವನ್ನು ಹಾಗೆ ಬದಲಿಸುವಂತಿಲ್ಲ.

ಆಗ ಬೆಳೆಗಾರರೇ ವ್ಯಾಪಾರಿಯಾಗಬೇಕೆಂದು ಹೊರಟವರ ಮುಂಚೂಣಿಯಲ್ಲಿದ್ದವರು ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಕೃಷಿಕ ವಾರಣಾಶಿ ಸುಬ್ರಾಯ ಭಟ್ಟರು. ಅಡ್ಯನಡ್ಕ ಇರುವುದು ಕೇರಳದ ಗಡಿಯ ಪಕ್ಕದಲ್ಲಿ. ಕಾಸರಗೋಡಿನ ಬೆಳೆಗಾರನ ಕಷ್ಟವೂ ವಿಟ್ಲದ ಬೆಳೆಗಾರನ ಕಷ್ಟವೂ ಒಂದೇ ಎಂಬುದು ಅಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಸೇರಿಸಿಕೊಂಡು 1973ರ ಜುಲೈ 11ರಂದು ಕ್ಯಾಂಪ್ಕೊ ಸ್ಥಾಪನೆಯಾಯಿತು. ಭಟ್ಟರೇ ಸ್ಥಾಪಕಾಧ್ಯಕ್ಷರು, ಮುಖ್ಯ ಕಚೇರಿ ಮಂಗಳೂರು.

ಕ್ಯಾಂಪ್ಕೊ ಮಾಡಿದ ಕೆಲಸ ಕೇಳಲು ಸರಳ. ಬೆಳೆಗಾರನ ಊರಿನ ಬಳಿಯಲ್ಲೇ ಖರೀದಿ ಕೇಂದ್ರ ತೆರೆಯಿತು, ದರ್ಜೆಗೆ ತಕ್ಕ ಧಾರಣೆಯನ್ನು ಬಹಿರಂಗವಾಗಿ ಸಾರಿತು, ಉತ್ತರದ ಊರುಗಳಲ್ಲಿ ತನ್ನದೇ ಮಾರಾಟದ ವ್ಯವಸ್ಥೆ ಮಾಡಿಕೊಂಡಿತು. ಬೇಟೆಗಾರನೇ ಲಂಡನ್ನಿಗೆ ಹೋಗಿ ಟೋಪಿ ಮಾಡುವವನಿಗೆ ತೊಗಲು ಮಾರಿದ ಹಾಗೆ! ಕ್ಯಾಂಪ್ಕೊಗೆ ಅಡಿಕೆ ಕೊಡದವನಿಗೂ ಇದರಿಂದ ಲಾಭವಾಯಿತು. ಸಂಘದ ಧಾರಣೆ ಎಲ್ಲರಿಗೂ ಗೊತ್ತಿರುವಾಗ ಖಾಸಗಿಯವರೂ ಅದಕ್ಕಿಂತ ತೀರಾ ಕೆಳಗೆ ಕೇಳುವುದು ಕಷ್ಟ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನಮ್ಮಲ್ಲಿದೆ. ಸಂಘವೊಂದು ತಕ್ಕಡಿಯಲ್ಲೂ ದರ್ಜೆಯಲ್ಲೂ ನಂಬಿಕೆ ಉಳಿಸಿಕೊಳ್ಳಬೇಕಾದ ಕಷ್ಟವನ್ನು ಈ ಗಾದೆ ಚೆನ್ನಾಗಿ ಹೇಳುತ್ತದೆ.

ಕೊಕ್ಕೊ ಕಲಿಸಿದ ಪಾಠ

ಕ್ಯಾಂಪ್ಕೊದ ನಿಜವಾದ ಪರೀಕ್ಷೆ ಬಂದದ್ದು ಅಡಿಕೆಯಿಂದಲ್ಲ, ಕೊಕ್ಕೊದಿಂದ. ಅಡಿಕೆ ಮರಗಳ ನೆರಳಿನಲ್ಲಿ ಕೊಕ್ಕೊ ಚೆನ್ನಾಗಿ ಬರುತ್ತದೆ. ಇದನ್ನು ಬೆಳೆಯಿರಿ ಎಂದು ಎಪ್ಪತ್ತರ ದಶಕದಲ್ಲಿ ಕರಾವಳಿಯ ರೈತರಿಗೆ ಉತ್ತೇಜನ ಸಿಕ್ಕಿತು. ಜನ ಉತ್ಸಾಹದಿಂದ ಬೆಳೆಸಿದರು. ಆದರೆ ದಶಕ ಮುಗಿಯುವ ಹೊತ್ತಿಗೆ ಜಾಗತಿಕ ಬೆಲೆ ಇಳಿದು ಖರೀದಿದಾರರು ಹಿಂದೆ ಸರಿದರು. ಕೊಕ್ಕೊ ಕೋಡು ಅಡಿಕೆಯ ಹಾಗೆ ಅಟ್ಟದಲ್ಲಿ ಇಡುವ ವಸ್ತುವಲ್ಲ. ಕೊಯ್ದ ಮೇಲೆ ಒಡೆದು, ಬೀಜವನ್ನು ತಿರುಳಿನೊಡನೆ ಐದಾರು ದಿನ ಹುಳಿಯಲು ಬಿಟ್ಟು, ಆಮೇಲೆ ಒಣಗಿಸಬೇಕು. ಕೊಳ್ಳುವವರಿಲ್ಲದಿದ್ದರೆ ಅಳಿಲಿಗೂ ಇಲಿಗೂ ಹಬ್ಬ. ಬೇಸತ್ತು ಗಿಡ ಕಡಿದು ಹಾಕಿದವರೂ ಇದ್ದರು.

ಅಡಿಕೆಗೆಂದೇ ಹುಟ್ಟಿದ ಕ್ಯಾಂಪ್ಕೊ ಈ ಸಂದರ್ಭದಲ್ಲಿ ಕೊಕ್ಕೊ ಖರೀದಿಗೆ ಇಳಿಯಿತು. ಕೊಂಡದ್ದನ್ನು ಏನು ಮಾಡುವುದು? ಬೀಜವಾಗಿಯೇ ಮಾರಿದರೆ ಮತ್ತೆ ಪರರ ಧಾರಣೆಗೇ ಕಾಯಬೇಕು. ಹಾಗಾಗಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಕಾರ್ಖಾನೆ ಕಟ್ಟಿತು. 1986ರ ಸೆಪ್ಟೆಂಬರ್ 1ರಂದು ಆಗಿನ ರಾಷ್ಟ್ರಪತಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ಪಂಚೆ ಉಟ್ಟ ಕೃಷಿಕರ ಸಂಘ ಚಾಕಲೇಟು ಮಾಡುತ್ತದೆಂದರೆ ನಂಬುವುದು ಕಷ್ಟವಾಗಿದ್ದ ಕಾಲ ಅದು. ಇಂದು ಬಿ.ಸಿ.ರೋಡಿನ ಬಸ್ ನಿಲ್ದಾಣದ ಬಳಿ ಶಾಲೆಯ ಮಗು ಕೊಳ್ಳುವ ಕ್ಯಾಂಪ್ಕೊ ಚಾಕಲೇಟಿನಲ್ಲಿ ಅದರ ಅಜ್ಜನ ತೋಟದ ಕೊಕ್ಕೊ ಇದ್ದರೂ ಇರಬಹುದು.

ಹಡ್ಸನ್ ಕೊಲ್ಲಿಯ ಕಂಪನಿಯೂ ಕ್ಯಾಂಪ್ಕೊವೂ ಕಷ್ಟ ಬಂದಾಗ ಮಾಡಿದ್ದು ಒಂದೇ: ಸರಕು ಬದಲಿಸಿದ್ದು. ಆದರೆ ಅಲ್ಲಿ ಬದಲಾವಣೆಯ ಫಲ ದೂರದ ಪಾಲುದಾರರಿಗೆ ಹೋಯಿತು, ಇಲ್ಲಿ ಪಾಲುದಾರನೇ ಬೆಳೆಗಾರ. ಸದಸ್ಯನಿಗೆ ಧಾರಣೆ ಸಾಲದೆನಿಸಿದರೆ ಮಹಾಸಭೆಯಲ್ಲಿ ಎದ್ದುನಿಂತು ಕೇಳಬಹುದು. ಆಡಳಿತ ಮಂಡಳಿ ಸರಿಯಿಲ್ಲದಿದ್ದರೆ ಮತ ಹಾಕಿ ಬದಲಿಸಬಹುದು. ಆದರೆ ಸದಸ್ಯರು ಕಣ್ಣು ಮುಚ್ಚಿ ಕುಳಿತರೆ ಸಹಕಾರ ಸಂಘವೂ ಕೆಡುತ್ತದೆ.

ನಾಳೆಯ ಟೋಪಿ

ಈ ಹಳೆಯ ಕಥೆ ಈಗ ಏಕೆಂದರೆ, ಅಡಿಕೆಯ ಟೋಪಿಯೂ ಬದಲಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಹೊಗೆಸೊಪ್ಪು ಸೇರದ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ವರ್ಗೀಕರಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪಿಲ್ಲ. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಇನ್ನೊಂದೆಡೆ ಒಂದು ಕಾಲದಲ್ಲಿ ಕರಾವಳಿ, ಮಲೆನಾಡುಗಳ ಬೆಳೆಯೆನಿಸಿದ್ದ ಅಡಿಕೆ ದಾವಣಗೆರೆ, ಚಿತ್ರದುರ್ಗದ ಬಯಲಿಗೂ ಹಬ್ಬಿದೆ. ಬೆಳ್ತಂಗಡಿಯ ಘಟ್ಟದಡಿಯ ತೋಟಗಳಿಗೆ ಭಾರಿ ಮಳೆಯೊಡನೆ ಬರುವ ಕೊಳೆರೋಗದ ಕಾಟ ಬೇರೆ. ಧಾರಣೆ ಚೆನ್ನಾಗಿರುವ ದಿನಗಳಲ್ಲಿ ಇವನ್ನೆಲ್ಲ ಯಾರೂ ಯೋಚಿಸುವುದಿಲ್ಲ. ಬೀವರ್ ಟೋಪಿ ಚೆನ್ನಾಗಿ ಮಾರುತ್ತಿದ್ದಾಗ ಲಂಡನ್ನಿನಲ್ಲೂ ಯೋಚಿಸಿರಲಿಲ್ಲ.

ಹಾಗೆಂದು ನಾಳೆಯೇ ತೋಟ ಕಡಿಯಬೇಕಾಗಿಲ್ಲ, ಮಕ್ಕಳನ್ನು ತೋಟದಿಂದ ಓಡಿಸಬೇಕಾಗಿಯೂ ಇಲ್ಲ. ಒಂದು ಭಾನುವಾರ ತಂದೆ ತಾಯಿ, ಮಕ್ಕಳು ಒಟ್ಟಿಗೆ ಕುಳಿತು ಮನೆಯ ಲೆಕ್ಕದ ಪುಸ್ತಕ ತೆರೆಯಬಹುದು. ಕಳೆದ ವರ್ಷದ ಆದಾಯದಲ್ಲಿ ಅಡಿಕೆಯದೆಷ್ಟು, ಮೆಣಸಿನದೆಷ್ಟು, ಕೊಕ್ಕೊ, ತೆಂಗು, ಹಾಲಿನದೆಷ್ಟು? ಪ್ರತಿಯೊಂದನ್ನೂ ಕೊಂಡವರು ಯಾರು, ಬೆಲೆ ಹೇಳಿದವರು ಯಾರು? ಮನೆ ಯಾವ ಸಂಘದ ಸದಸ್ಯ, ಕಳೆದ ಮಹಾಸಭೆಗೆ ಯಾರಾದರೂ ಹೋಗಿದ್ದರೇ? ಕಾಮರ್ಸ್ ಓದುವ ಮಗಳು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದರೆ ಅದೇ ಅವಳ ಮೊದಲ ಪ್ರಾಜೆಕ್ಟ್ ಆದೀತು. ಆ ಹಾಳೆಯಲ್ಲಿ ಒಂದೇ ಬೆಳೆಯ ಹೆಸರಿದ್ದರೆ, ಎರಡನೆಯ ಸಾಲಿನಲ್ಲಿ ಏನು ಬರೆಯಬಹುದೆಂದು ಧಾರಣೆ ಚೆನ್ನಾಗಿರುವಾಗಲೇ ಮನೆಮಂದಿ ಮಾತಾಡಿಕೊಳ್ಳುವುದು ಒಳ್ಳೆಯದು.